ನಾಲ್ಕನೇ ಮ್ಯಾಟು

ಗಾಡಿಯೊಳಗಿನ ಕಾಲಮ್ಯಾಟು ನೋಡಿದರೆ ಸಾಕು, ಮಾಲೀಕನ ಜಾತಕ ಹೇಳಿಬಿಡುತ್ತೇನೆ ಎಂಬ ಜಂಬ ಉಜ್ವಲಾಗೆ ಇತ್ತು. ಆ ಜಂಬ ಪುಕ್ಕಟೆ ಬಂದದ್ದೇನೂ ಅಲ್ಲ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯ ಮೇಲೆ ಅವಳ ಅಪ್ಪ ಈಶ್ವರನ ವಾಟರ್ ಸರ್ವಿಸಿಂಗ್ ಇದೆ, ಮನೆಯೂ ಅದಕ್ಕೆ ಹೊಂದಿಕೊಂಡೇ ಇದೆ. ಗಾಡಿಯ ಮೈ ತೊಳೆಯುವುದು ಅಪ್ಪನ ಕೆಲಸ, ಒಳಗಿನ ಮ್ಯಾಟು, ಸೀಟು ಮಗಳ ಪಾಲಿನದು. ಕಪ್ಪು ಎರೆಮಣ್ಣು ಅಂಟಿದ್ದರೆ ಗಾಡಿ ಕೃಷ್ಣೆಯ ದಂಡೆಯ ಕಡೆಯದು. ದ್ರಾಕ್ಷಿಯ ಒಣಗಿದ ತೊಟ್ಟು ಸಿಕ್ಕರೆ ಅಥಣಿಯ ವ್ಯಾಪಾರಿಯದು. ತಂಬಾಕಿನ ಪುಡಿಯಿಂದ ಸೀನು ಬಂದರೆ ಇದೇ ಊರಿನವರದು. ಬಿಸ್ಕೀಟಿನ ಚೂರಿದ್ದರೆ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಗುಟ್ಕಾದ ಚೀಟಿಯನ್ನು ಮಡಚಿ ಮಡಚಿ ಮ್ಯಾಟಿನ ಕೆಳಗೆ ಇಟ್ಟಿದ್ದರೆ ಮನೆಯಲ್ಲಿ ಜೋರಿನ ಹೆಂಡತಿ ಇದ್ದಾಳೆ.

ಅವಳು ಹೇಳಿದ್ದು ಬಹುತೇಕ ಸರಿಯೇ ಇರುತ್ತಿತ್ತು. ತೊಂದರೆ ಆದದ್ದೇ ಅದರಿಂದ ನೋಡಿ. ಹತ್ತು ಸಲ ಸರಿ ಹೇಳಿದವರಿಗೆ ಹನ್ನೊಂದನೇ ಸಲ ಯಾರನ್ನಾದರೂ ಕೇಳಿ ನೋಡೋಣ ಎಂದು ಅನ್ನಿಸುವುದಿಲ್ಲ.

ವಿಕ್ರಾಂತ ಮೊದಲ ಸಲ ಬಂದದ್ದು ಹೋದ ದೀಪಾವಳಿಗೆ ಸ್ವಲ್ಪ ಮುಂಚೆ. ಬೈಕಿನ ಹಿಂದೆ ಹಾಸಿಗೆ ಸುತ್ತಿದಂತೆ ಒಂದು ದೊಡ್ಡ ಗಂಟು ಕಟ್ಟಿಕೊಂಡು ಬಂದಿದ್ದ. ಬೈಕು ನಿಲ್ಲಿಸುವ ಮೊದಲೇ, ಮ್ಯಾಟು ತೊಳೆಯುತ್ತೀರಾ ಎಂದು ಕೇಳಿದ ದನಿಗೆ ರಸ್ತೆಯ ಆಚೆ ಬದಿ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು.

"ನನಗ ಕಿವಿ ಕೇಳಸ್ತಾವರಿ," ಎಂದಳು ಉಜ್ವಲಾ.

ಅವನು ಕೆಂಪಗಾದ. ಬೋರಗಾಂವದವನು, ಮನೆಯಲ್ಲಿ ಪವರ್‌ಲೂಮ್ ಮಗ್ಗಗಳಿವೆ, ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದು ಮೆಲ್ಲಗೆ ಮಾತಾಡುವುದು ರೂಢಿಯಿಲ್ಲ ಎಂದು ಹೇಳಿಕೊಂಡ. ಅದನ್ನೂ ಜೋರಾಗಿಯೇ ಹೇಳಿದ.

ಗಂಟು ಬಿಚ್ಚಿದರೆ ನಾಲ್ಕು ಮ್ಯಾಟು. ದಪ್ಪ ಹತ್ತಿಯವು. ಬಣ್ಣ ಯಾವುದೆಂದು ತಿಳಿಯದಷ್ಟು ಎಣ್ಣೆ, ಜಿಡ್ಡು, ಬೂಷ್ಟು. ಒಂದರ ಅಂಚನ್ನು ಇಲಿ ಕಡಿದಿತ್ತು. ಇನ್ನೊಂದರ ನಟ್ಟ ನಡುವೆ ಯಾವ ಕಾಲದಲ್ಲೋ ಚೆಲ್ಲಿದ ಬೆಲ್ಲದ ಕಾಕವಿ ಕಲ್ಲಾಗಿ ಕೂತಿತ್ತು. ವಾಸನೆಗೆ ಉಜ್ವಲಾ ಸೆರಗು ಮೂಗಿಗೆ ಹಿಡಿದಳು.

"ಇವನ್ನ ತಿಪ್ಪಿಗೆ ಹಾಕಿ ಹೊಸಾ ರಬ್ಬರಿನ್ವು ತಗೋರಿ," ಎಂದಳು.

ಅವನು ಗಂಟಿನ ಮೇಲೆ ಕೈಯಿಟ್ಟ. ಆಮೇಲೆ, ಬಂದಾಗಿನಿಂದ ಮೊದಲ ಸಲ ಮೆಲ್ಲಗೆ, "ನಮ್ಮ ಅಜ್ಜ ನೇಯ್ದಾನ್ರಿ," ಎಂದ.

ಉಜ್ವಲಾ ನಾಲಿಗೆ ಕಚ್ಚಿಕೊಂಡಳು. ಅವನೇ ಎಲ್ಲ ಹೇಳಿದ. ಅಜ್ಜ ಆಬಾಸಾಹೇಬ ಬಿಳಿ ಅಂಬಾಸಡರ್ ಕಾರು ಕೊಂಡಾಗ, ಅದರಲ್ಲಿ ಕೂರುವವರ ಕಾಲಿಗೆ ರಬ್ಬರು ತಾಗಬಾರದೆಂದು ಮನೆಯ ಹಳೆಯ ಕೈಮಗ್ಗದ ಮೇಲೆ ತಾನೇ ಕೂತು ಈ ನಾಲ್ಕನ್ನು ನೇಯ್ದಿದ್ದನಂತೆ. ಬೋರಗಾಂವದಲ್ಲಿ ಯಾರ ಮನೆಯ ಲಗ್ನವಾದರೂ ಮದುಮಗಳು ಗಂಡನ ಮನೆಗೆ ಆ ಕಾರಿನಲ್ಲೇ ಹೋಗುವುದು ಒಂದು ಪದ್ಧತಿಯೇ ಆಗಿಹೋಗಿತ್ತು. ಆ ಕಾರಿನಲ್ಲಿ ಹೋದ ಹುಡುಗಿ ಅಳುತ್ತ ತವರಿಗೆ ತಿರುಗಿ ಬಂದಿಲ್ಲ ಎಂದು ಊರವರ ನಂಬಿಕೆ. ಅಜ್ಜ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ನಿಂತುಬಿಟ್ಟಿತು. ಈಗ ಅಜ್ಜಿ ರುಕ್ಮವ್ವ, ಅದನ್ನು ಮತ್ತೆ ಹೊರಗೆ ತೆಗೆಯಲೇಬೇಕು, ಮ್ಯಾಟು ಅವೇ ಇರಬೇಕು ಎಂದು ಹಟ ಹಿಡಿದಿದ್ದಾಳೆ.

ಉಜ್ವಲಾ ಆ ಕೆಲಸವನ್ನು ಹರಕೆ ಹೊತ್ತವರ ಹಾಗೆ ಮಾಡಿದಳು. ನೀರು ಮುಟ್ಟಿಸುವ ಮೊದಲು ಮ್ಯಾಟುಗಳನ್ನು ಒಣಗಿದ್ದಾಗಲೇ ಗೋಡೆಯ ಮೇಲೆ ಹಾಕಿ ಕೋಲಿನಿಂದ ಬಡಿದಳು. ಎಣ್ಣೆ ಕಲೆಯ ಮೇಲೆ ಹಿಟ್ಟು ಉದುರಿಸಿ, ಹಿಟ್ಟು ಎಣ್ಣೆ ಕುಡಿದ ಮೇಲೆ ಬ್ರಷ್ಷಿನಿಂದ ಜಾಡಿಸಿದಳು. ಕಾಕವಿಗೆ ಬಿಸಿನೀರಿನ ಅರಿವೆ ಇಟ್ಟು ಕರಗಿಸಿದಳು. ಬೂಷ್ಟಿಗೆ ಬಿಸಿಲು, ಸೋಡಾ, ಮತ್ತೆ ಬಿಸಿಲು. ಬಣ್ಣ ಬಿಡುತ್ತದೆಯೋ ಎಂದು ಒಂದು ಮೂಲೆ ಒರೆಸಿ ನೋಡಿ, ಆಮೇಲೆ ಅಂಟವಾಳದ ನೊರೆಯಲ್ಲಿ ತಿಕ್ಕಿದಳು. ಇಲಿ ಕಡಿದ ಅಂಚಿಗೆ ವಿಕ್ರಾಂತ ಅಟ್ಟದಿಂದ ಹಳೆಯ ನೂಲು ಹುಡುಕಿ ತಂದ. ಅವಳು ಹೆಣೆದಳು, ಅವನು ಎಳೆ ಹಿಡಿದು ಕೊಟ್ಟ.

ಜಿಡ್ಡಿನ ಅಡಿಯಿಂದ ನೀಲಿ ಬಿಳಿ ಚೌಕಳಿ ಬಂತು, ಸುತ್ತ ಕೆಂಪು ಅಂಚು. ವಿಕ್ರಾಂತ ಒಂದು ಮ್ಯಾಟನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡ. ಆ ದೊಡ್ಡ ದನಿಯವನು ಹಾಗೆ ನಿಂತದ್ದನ್ನು ಉಜ್ವಲಾ ನೋಡಿದಳು. ಅವಳು ಹೋಗಿ ನಳ ಬಂದ್ ಮಾಡಿ ಬಂದಳು. ನಳ ಮೊದಲೇ ಬಂದ್ ಇತ್ತು.

ಅಂದು ಮೋಡವಿತ್ತು. ನಾಲ್ಕನೇ ಮ್ಯಾಟು ನಿಜವಾಗಿಯೂ ಒಣಗಿರಲಿಲ್ಲ. ಅದೊಂದನ್ನು ಒಯ್ಯಲು ಅವನು ಮಾರನೆಯ ದಿನ ಬಂದ, ಚಹಾ ಕುಡಿದ, ಮಗ್ಗದ ವಿಷಯ ಹೇಳಿದ, ಹೊತ್ತು ಮಾಡಿ ಹೋದ.

ತುಳಸಿ ಲಗ್ನ ಮುಗಿದು ಲಗ್ನಸರಾಯಿ, ಅಂದರೆ ಲಗ್ನಗಳ ಹಂಗಾಮು, ಶುರುವಾಯಿತು. ಕಾರು ಹೊರಬಿತ್ತು, ಹೊಡೆಯುವವನು ವಿಕ್ರಾಂತನೇ. ಪ್ರತಿ ಲಗ್ನದ ಮರುದಿನ ಮ್ಯಾಟುಗಳು ಉಜ್ವಲಾಳ ಹತ್ತಿರ ಬರತೊಡಗಿದವು. ನಮ್ಮ ಕಡೆ ಅಕ್ಷತೆಗೆ ಬಣ್ಣ ಹಚ್ಚಿದ ಜೋಳ ಬಳಸುತ್ತಾರಲ್ಲ, ಅದರದೇ ದೊಡ್ಡ ಕಾಟ. ಒಂದು ಕಾಳು ನೇಯ್ಗೆಯಲ್ಲಿ ಸಿಕ್ಕಿ ನೀರು ತಾಗಿತೆಂದರೆ ಸುತ್ತ ಗುಲಾಬಿ ಕಲೆ. ಅವಳು ಮೊದಲು ಒಂದೊಂದೇ ಕಾಳು ಆರಿಸಿ ತೆಗೆಯುವಳು. ಹಿಂದಿನ ಸೀಟಿನ ಮ್ಯಾಟಿಗೆ ಮದುಮಕ್ಕಳ ಕಾಲಿನ ಅರಿಶಿಣ, ಹೂವಿನ ಎಸಳು. ಇಷ್ಟೆಲ್ಲ ತೊಳೆದು ಒಣಗಿಸಿದ ಮೇಲೂ, ಅವನು ಬಂದಾಗ ಮೂರೇ ಮ್ಯಾಟು ಸಿದ್ಧವಿರುತ್ತಿದ್ದವು.

ಆಕಾಶದಲ್ಲಿ ಒಂದೂ ಮೋಡವಿಲ್ಲ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಉಜ್ವಲಾ ಮಾತ್ರ ಗೋಡೆಯ ಮೇಲಿನ ನಾಲ್ಕನೇ ಮ್ಯಾಟಿಗೆ ಅಂಗೈ ಒತ್ತಿ, ಡಾಕ್ಟರು ನಾಡಿ ನೋಡಿದಷ್ಟು ಗಂಭೀರವಾಗಿ, "ಇನ್ನೂ ಹಸಿ ಐತ್ರಿ," ಎನ್ನುವಳು.

ವಿಕ್ರಾಂತ ಮ್ಯಾಟನ್ನು ನೋಡುವನು, ಆಮೇಲೆ ಅವಳನ್ನು ನೋಡುವನು. ಅವನ ತುಟಿಯ ಒಂದು ಮೂಲೆ ಅಷ್ಟೇ ಅಲುಗುತ್ತಿತ್ತು. "ಹೌದ್ರಿ. ಹಸಿ ಕಾಣಸ್ತೈತಿ," ಎನ್ನುವನು. ಮತ್ತೆ ನಾಳೆ ಬರುವನು.

ಬಂದಾಗ ಅವಳು ಮ್ಯಾಟು ಓದಿ ಹೇಳುವಳು. ಈ ಸಲದ ಮದುಮಗಳು ಅತ್ತೇ ಇಲ್ಲ, ದಾರಿಯುದ್ದಕ್ಕೂ ಚುರಮುರಿ ತಿಂದಿದ್ದಾಳೆ ಎಂದಾಗ ಅವನು ನಕ್ಕ ನಗೆಗೆ ಪಕ್ಕದ ತಂಬಾಕಿನ ಗೋದಾಮಿನ ಹಮಾಲರು ಕೆಲಸ ನಿಲ್ಲಿಸಿ ನೋಡಿದ್ದರು. ಅವಳು ಹೇಳಿದ್ದು ನಿಜವೇ ಆಗಿತ್ತಂತೆ. ಹಿಂದೆ ಕೂತ ಹುಡುಗಿ ಇವನಿಗೂ ಒಂದು ಮುಷ್ಟಿ ಚುರಮುರಿ ಕೊಟ್ಟಿದ್ದಳಂತೆ.

ಅಣ್ಣನ ಹೆಂಡತಿ ಸರಿತಾ ವೈನಿಗೆ ಎಲ್ಲ ಕಾಣುತ್ತಿತ್ತು. ಆ ಒಂದು ಮ್ಯಾಟಿಗೆ ಏನು ಬಾವಿಯ ಸೆಲೆ ಹತ್ತಿದೆಯೇ ಎಂದು ಕಾಡಿಸುವಳು. ಉಜ್ವಲಾ ಬ್ರಷ್ಷು ಹಿಡಿದು ಇನ್ನೊಂದು ಗಾಡಿಯೊಳಗೆ ಹೊಕ್ಕುಬಿಡುವಳು. ಇವಳೂ ಬಾಯಿ ಬಿಟ್ಟು ಹೇಳಲಿಲ್ಲ, ಅವನೂ ಹೇಳಲಿಲ್ಲ. ಅವನಾದರೂ ಹೇಗೆ ಹೇಳಿಯಾನು? ಅವನ ದನಿಯಲ್ಲಿ ಗುಟ್ಟಿನ ಮಾತು ಹೇಳಿದರೆ ಅರ್ಧ ನಿಪ್ಪಾಣಿಗೆ ಕೇಳುತ್ತಿತ್ತು.

ಬೇಸಿಗೆಯಲ್ಲಿ ರಾಯಬಾಗದಿಂದ ಗಂಡಿನ ಕಡೆಯ ಪಾವಣ್ಯಾರು ಬಂದು ಉಜ್ವಲಾಳನ್ನು ನೋಡಿ ಹೋದರು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ನೋಡಲು ಚೆನ್ನ, ನಯವಾದ ಮಾತು. ಅವರಿಗೆ ಹುಡುಗಿ ಪಸಂದಾದಳು, ರವಿವಾರದೊಳಗೆ ನಿಮ್ಮ ಮಾತು ತಿಳಿಸಿ ಎಂದರು. ಈಶ್ವರ ಮಾತು ಕಡಿಮೆಯ ಮನುಷ್ಯ. ನಿನಗೆ ಬೇಕಿದ್ದರೆ ಹೂಂ, ಇಲ್ಲದಿದ್ದರೆ ಇಲ್ಲ ಎಂದು ಮಗಳಿಗೆ ಹೇಳಿ ಪೈಪು ಹಿಡಿದು ಲಾರಿ ತೊಳೆಯಲು ಹೋದ.

ಉಜ್ವಲಾ ನಿರ್ಧಾರ ಮಾಡಿದಳು. ಈ ಸಲ ವಿಕ್ರಾಂತ ಬಂದಾಗ ಹಸಿ ಮ್ಯಾಟಿನ ನಾಟಕ ಬಿಟ್ಟು ನೆಟ್ಟಗೆ ಕೇಳಿಬಿಡಬೇಕು. ನಾಚಿಕೆಯಾದರೂ ಸರಿ, ಸುಮ್ಮನಿದ್ದು ಅವನನ್ನು ಕಳೆದುಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಆ ವಾರವೇ ಬೋರಗಾಂವದ ಮ್ಯಾಟು ಬಂದವು. ಅವಳು ಪೇಟೆಗೆ ಹೋದಾಗ ವಿಕ್ರಾಂತ ಬಂದು ಇಟ್ಟು ಹೋಗಿದ್ದ. ಅಪ್ಪ ಬೊಟ್ಟು ಮಾಡಿ ತೋರಿಸಿದ, ಅಷ್ಟೇ. ಉಜ್ವಲಾ ಖುಷಿಯಿಂದ ಗಂಟು ಬಿಚ್ಚಿದಳು. ಮೂರು ಮ್ಯಾಟು ಯಾವಾಗಿನ ಹಾಗೆ. ನಾಲ್ಕನೆಯದು ಡ್ರೈವರ್ ಕಾಲಿಡುವ ಜಾಗದ್ದು.

ಅದರ ಮೇಲೆ ಹಳದಿ ಪಾದಗಳು ಮೂಡಿದ್ದವು. ಬರಿಗಾಲಿನವು. ಹಿಮ್ಮಡಿ, ಬೆರಳು, ಎಲ್ಲ ಸಾಫ್. ನೇಯ್ಗೆಯಲ್ಲಿ ಬಣ್ಣದ ಜೋಳ. ಮದುಮಕ್ಕಳು ಹಣೆಗೆ ಕಟ್ಟಿಕೊಳ್ಳುವ ಮುಂಡಾವಳಿಯ ಒಂದು ಮುತ್ತೂ ಸಿಕ್ಕಿತು.

ಇಷ್ಟು ದಿನ ಹಳದಿ ಹಿಂದಿನ ಸೀಟಿನ ಮ್ಯಾಟಿಗೆ ಹತ್ತುತ್ತಿತ್ತು. ಡ್ರೈವರನ ಕಾಲಿಗೆ ಯಾರು ಅರಿಶಿಣ ಹಚ್ಚುತ್ತಾರೆ? ಅವನೇ ಮದುಮಗನಾದರೆ ಹಚ್ಚುತ್ತಾರೆ. ಉಜ್ವಲಾ ಆ ಮುತ್ತನ್ನು ಅಂಗೈಯಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಜಾತಕ ಅಚ್ಚುಕಟ್ಟಾಗಿ ಓದಿ ಮುಗಿಸಿದ್ದಳು.

ಮದುಮಗ ತನ್ನ ಗಾಡಿ ತಾನೇ ಹೊಡೆಯುತ್ತಾನೆಯೇ ಎಂದು ವೈನಿ ಕೇಳಿದಳು. ಅಜ್ಜನ ಕಾರು, ಬೇರೆಯವರ ಕೈಗೆ ಕೊಡುವವನಲ್ಲ ಎಂದಳು ಇವಳು. ಫೋನು ಮಾಡಿ ಕೇಳೋಣ ಎಂದು ವೈನಿ ಅಂಗಡಿಯ ಮೊಬೈಲು ತೆಗೆದಾಗ ಕೈಯಿಂದ ಕಸಿದಳು.

"ಲಗ್ನಾ ಆದವರಿಗೆ ಫೋನ್ ಮಾಡಿ ಏನಂತ ಕೇಳಲಿ, ವೈನಿ?"

ಉಜ್ವಲಾ ಮ್ಯಾಟು ನೆನೆಹಾಕಿದಳು. ಅರಿಶಿಣಕ್ಕೆ ಸಾಬೂನು ತಾಗಿದರೆ ಕುಂಕುಮದಂತೆ ಕೆಂಪಾಗುತ್ತದೆ. ಆಮೇಲೆ ಲಿಂಬಿಹಣ್ಣು ಹಿಂಡಿ ಕೆಂಪನ್ನು ಮುರಿದು, ನೀರು ಚಿಮುಕಿಸುತ್ತ ಬಿಸಿಲಿಗೆ ಹಾಕಿದರೆ ಹಳದಿ ತಾನಾಗಿ ಹಾರಿಹೋಗುತ್ತದೆ. ತಾಳ್ಮೆಯ ಕೆಲಸ ಅದು. ಅವಳಿಗೆ ತಾಳ್ಮೆ ಎಲ್ಲಿತ್ತು? ಆ ಕೆಂಪು ಪಾದಗಳನ್ನು ನೋಡಲಾರದೆ ಹಿಂಡಿ, ಕಣ್ಣಿಗೆ ಬೀಳದ ಹಾಗೆ ಹಿಂಬದಿಯ ನೆರಳಿನಲ್ಲಿ ಹಾಕಿದಳು.

ಬುಧವಾರ ಸಂಜೆ ವಿಕ್ರಾಂತ ಬಂದ. ಹೊಸ ಅಂಗಿ, ನುಣ್ಣಗೆ ಬಾಚಿದ ಕೂದಲು, ಕೈಯಲ್ಲಿ ಲಗ್ನದ ಬುಂದಿ ಲಾಡುವಿನ ಪೊಟ್ಟಣ. ಇನ್ನೇನು ಸಾಕ್ಷಿ ಬೇಕು? ಅವಳು ತಲೆ ಎತ್ತಲಿಲ್ಲ. ಅವನ ಕಾಲುಗಳನ್ನು ಮಾತ್ರ ನೋಡಿದಳು. ಚಪ್ಪಲಿಯೊಳಗೆ ಹತ್ತೂ ಉಗುರು ಹಳದಿ.

"ಒಂದ ಮಾತ ಹೇಳೂದಿತ್ರಿ," ಎಂದ ಅವನು. ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ಹೇಳಿದ್ದ.

"ನಾಕೂ ಒಣಗ್ಯಾವ್ರಿ. ತಗೊಂಡ ಹೋಗ್ರಿ."

ಅವನಿಗೆ ತಿಳಿಯಲಿಲ್ಲವೇನೋ. "ನಾಕೂ?" ಎಂದು ಕೇಳಿದ.

"ಹೌದ್ರಿ, ನಾಕೂ."

ಸುತ್ತಿ ಕಟ್ಟಿದ ಗಂಟನ್ನು ಅವಳು ಅವನ ಮುಂದಿಟ್ಟಳು. ಅವನು ಗೋಡೆಯ ಕಡೆ ನೋಡಿದ, ಅಲ್ಲಿ ಒಂದೂ ಮ್ಯಾಟಿರಲಿಲ್ಲ. ಲಾಡುವಿನ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೋದ. ಬೈಕಿನ ಸದ್ದು ಪೂರ್ತಿ ಕರಗುವವರೆಗೆ ಉಜ್ವಲಾ ಒಣ ಬಾಲ್ದಿಯನ್ನು ತಿಕ್ಕುತ್ತ ಕೂತಿದ್ದಳು. ಆಮೇಲೆ ವೈನಿಯ ಹತ್ತಿರ ಹೋಗಿ, ರಾಯಬಾಗದವರಿಗೆ ಹೂಂ ಎಂದು ಹೇಳಲು ಅಪ್ಪನಿಗೆ ತಿಳಿಸಿ ಎಂದಳು. ಈಶ್ವರ ರವಿವಾರ ಮುಂಜಾನೆ ಫೋನು ಮಾಡುವುದೆಂದು ಆಯಿತು.

ಇಷ್ಟಕ್ಕೇ ಎಲ್ಲ ಮುಗಿಯಬೇಕಿತ್ತು. ಮುಗಿಯಗೊಡದೇ ಇದ್ದದ್ದು ಆ ಹಸಿ ಮ್ಯಾಟು.

ಅವಳು ಇಷ್ಟು ದಿನ ಒಣಗಿದ್ದನ್ನು ಹಸಿ ಎಂದಿದ್ದಳು, ಅದರಿಂದ ಯಾರ ಗಂಟೂ ಹೋಗಿರಲಿಲ್ಲ. ಈಗ ಹಸಿ ಇದ್ದದ್ದನ್ನು ಒಣಗಿದೆ ಎಂದು ಕೊಟ್ಟಿದ್ದಳು. ದಪ್ಪ ಹತ್ತಿ, ಒಳಗೆ ನೀರು ಹಾಗೇ ಇದೆ. ಸುತ್ತಿ ಇಟ್ಟರೆ ಮತ್ತೆ ಬೂಷ್ಟು ಹಿಡಿಯುತ್ತದೆ, ಒಂದು ಮಳೆಗಾಲ ಕಳೆದರೆ ಎಳೆ ಎಳೆ ಬಿಡುತ್ತದೆ. ಸಿಟ್ಟು ಮೊಮ್ಮಗನ ಮೇಲೆ, ಹಾಳಾಗುವುದು ಅಜ್ಜನ ನೇಯ್ಗೆ. ಶುಕ್ರವಾರ ಆಕಾಶ ಮುಸುಕು ಹಾಕಿತು, ಅವಳಿಗೆ ಊಟ ಸೇರಲಿಲ್ಲ. ಶನಿವಾರ ಮುಂಜಾನೆ ಸ್ಕೂಟಿ ತೆಗೆದಳು. ಮ್ಯಾಟು ಇಸಿದುಕೊಂಡು ಬಂದು ಒಣಗಿಸಿ, ವೈನಿಯ ಕೈಯಿಂದ ವಾಪಸ್ ಕಳಿಸಿದರಾಯಿತು, ಅವನ ಮುಖ ನೋಡುವುದೇ ಬೇಡ ಎಂದುಕೊಂಡು ಹೊರಟಳು.

ಬೋರಗಾಂವದ ಓಣಿಗೆ ಹೊಕ್ಕರೆ ಮನೆಮನೆಯಿಂದ ಮಗ್ಗದ ಖಟಖಟ. ಇಲ್ಲಿ ಬೆಳೆದವರು ಮೆಲ್ಲಗೆ ಮಾತಾಡುವುದಾದರೂ ಹೇಗೆ ಎಂದು ಅವಳಿಗೆ ಅನ್ನಿಸಿತು. ಆಬಾಸಾಹೇಬನ ಮನೆಯ ಮುಂದೆ ಲಗ್ನದ ಹಂದರ ಇನ್ನೂ ಇತ್ತು. ಒಬ್ಬ ಮುದುಕಿ ಹೊರಸಿನ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಸ್ಕೂಟಿಯನ್ನೂ ಉಜ್ವಲಾಳನ್ನೂ ಮೇಲಿಂದ ಕೆಳಗೆ ನೋಡಿದಳು.

"ನಾಕನೇ ಮ್ಯಾಟಿನಾಕಿ ನೀನ ಏನವಾ?"

ಉಜ್ವಲಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರುಕ್ಮವ್ವ ಪಕ್ಕದಲ್ಲಿ ಕೂರಿಸಿಕೊಂಡು, ನೀರು ತಾ ಎಂದು ಒಳಗೆ ಕೂಗಿದಳು. ತಂಬಿಗೆ ಹಿಡಿದು ಬಂದ ಹುಡುಗಿಯ ಕೈತುಂಬ ಹಸಿರು ಬಳೆ, ಮೆಹಂದಿ ಇನ್ನೂ ಕೆಂಪಗಿತ್ತು. ಇವಳೇ ಎಂದುಕೊಂಡಳು ಉಜ್ವಲಾ. ತಂಬಿಗೆಯನ್ನು ಹಾಗೇ ಪಕ್ಕಕ್ಕಿಟ್ಟಳು. ಹುಡುಗಿ ಚೆಂದವಿದ್ದಳು. ಅದಕ್ಕೂ ಸಂಕಟವಾಯಿತು.

"ನಮ್ಮ ಸಂಜೂನ ಹೇಣ್ತಿ," ಎಂದಳು ರುಕ್ಮವ್ವ. "ಬೇಡಕಿಹಾಳದಾಕಿ."

"ಸಂಜು ಅಂದ್ರ?"

"ವಿಕ್ರಾಂತನ ಕಾಕಾನ ಮಗ."

ಮದುಮಗಳು ಬಾಯಿಗೆ ಸೆರಗು ಒತ್ತಿ ನಕ್ಕಳು. "ನನ್ನ ಹಳದಿ ಅರ್ಧಾ ಭಾವನ ಕಾಲಿಗೇ ಹೋತ್ರಿ," ಎಂದಳು.

ಆಮೇಲೆ ಇಬ್ಬರೂ ಸೇರಿ ಕಥೆ ಹೇಳಿದರು. ನಮ್ಮಲ್ಲಿ ಮದುಮಗನಿಗೆ ಹಚ್ಚಿ ಉಳಿದ ಅರಿಶಿಣದ ಹಳದಿಯನ್ನೇ ಮದುಮಗಳ ಮನೆಗೆ ಒಯ್ಯಬೇಕು, ಅದು ಮುಟ್ಟಿದ ಮೇಲೆ ಅವಳಿಗೆ ಹಚ್ಚುವುದು. ಹೆಂಗಸರೆಲ್ಲ ಗಡಿಬಿಡಿಯಲ್ಲಿ ಜೀಪು ಹತ್ತಿ ಬೇಡಕಿಹಾಳದ ದಾರಿ ಹಿಡಿದರು. ಹಳದಿಯ ತಾಟು ತುಳಸಿಕಟ್ಟೆಯ ಮೇಲೇ ಉಳಿಯಿತು. ಆಗ ವಿಕ್ರಾಂತ ಒಬ್ಬನೇ ಅಂಬಾಸಡರ್ ತೆಗೆದ. ದೇವರ ಕೆಲಸದ ವಸ್ತು ಎಂದು ಚಪ್ಪಲಿ ಬಿಟ್ಟು, ತಾಟನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ಹೊರಟ. ಊರ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಸ್ಟೇರಿಂಗ್ ತಿರುಗಿಸಿ ಬ್ರೇಕು ಒತ್ತಿದಾಗ ತಾಟು ಜಾರಿ ಅಕ್ಷತೆ, ಮುಂಡಾವಳಿ, ಹಳದಿ ಎಲ್ಲ ಅವನ ಕಾಲ ಮೇಲೆ. ಹಳದಿ ಕಾಲಿನಲ್ಲೇ ಕ್ಲಚ್ಚು ಒತ್ತುತ್ತ ಮದುಮಗಳ ಮನೆಯ ಹಂದರದ ಮುಂದೆ ಇಳಿದವನನ್ನು ನೋಡಿ ಹೆಂಗಸರು ನಕ್ಕು ನಕ್ಕು ಸುಸ್ತಾದರಂತೆ. ಹಳದಿ ಮೈಮೇಲೆ ಬಿದ್ದ ಮೇಲೆ ಮುಂದಿನ ಲಗ್ನ ನಿನ್ನದೇ, ಹುಡುಗಿ ಯಾರು ಹೇಳು ಎಂದು ರುಕ್ಮವ್ವ ಅಲ್ಲೇ ಹಿಡಿದುಕೊಂಡಳಂತೆ. ಅವನು ಹೇಳಿದ್ದ.

ಉಜ್ವಲಾ ತಲೆ ತಗ್ಗಿಸಿ ಕೂತಳು. ಹಳದಿ ಉಗುರು ನೋಡಿದ್ದಳಲ್ಲ, ಎರಡು ಮೊಳ ಮೇಲೆ ಅವನ ಕೈ ನೋಡಿದ್ದರೆ ಸಾಕಿತ್ತು. ಮೆಹಂದಿ ಇರಲಿಲ್ಲ, ಕಂಕಣ ಇರಲಿಲ್ಲ. ಮುಖ ನೋಡಿದ್ದರೆ ಏನೂ ಓದುವ ಅಗತ್ಯವೇ ಇರಲಿಲ್ಲ. ಊರ ಜನರ ಮ್ಯಾಟು ಓದಿದ ಜಾಣೆ, ಎದುರಿಗೆ ನಿಂತ ಮನುಷ್ಯನನ್ನು ನೋಡಿರಲಿಲ್ಲ.

"ಬುಧವಾರ ಹೊಸಾ ಅಂಗಿ ಹಾಕ್ಕೊಂಡ ಹೋಗಿದ್ದ," ಎಂದಳು ರುಕ್ಮವ್ವ. "ನಾವು ನಿಮ್ಮ ಮನಿಗೆ ಯಾವಾಗ ಬರೋಣು ಅಂತ ಕೇಳಾಕ. ತಿರಗಿ ಬಂದಾವ, 'ಅಜ್ಜಿ, ನಾಕೂ ಕೊಟ್ಟಬಿಟ್ಟಳು' ಅಂದ. ಅವತ್ತಿಂದ ಸರಿಯಾಗಿ ಉಂಡಿಲ್ಲ. ಹಿತ್ತಲಾಗ ಮಗ್ಗದ ಮುಂದ ಅದಾನ, ಹೋಗು."

ಹಿತ್ತಿಲಿನ ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ವಿಕ್ರಾಂತ ಬೆನ್ನು ಹಾಕಿ, ಕಡಿದ ಎಳೆಯೊಂದನ್ನು ಜೋಡಿಸುತ್ತಿದ್ದ. ತಿರುಗಿ ಅವಳನ್ನು ಕಂಡ. ಎಳೆ ಕೈಯಿಂದ ಜಾರಿತು. ಅವಳು ಏನೋ ಅಂದಳು, ಕೇಳಿಸಲಿಲ್ಲ. ಅವನು ಹೋಗಿ ಒಂದು ಮಗ್ಗ ನಿಲ್ಲಿಸಿದ, ಇನ್ನೊಂದು ನಿಲ್ಲಿಸಿದ, ಎಲ್ಲವನ್ನೂ ನಿಲ್ಲಿಸಿದ. ಶೆಡ್ಡು ಗಪ್ಪಾಯಿತು. ಈ ಸಲ ಉಜ್ವಲಾ ಮುಖವನ್ನೇ ನೋಡಿದಳು. ಗಡ್ಡ ಬೆಳೆದಿತ್ತು, ಕಣ್ಣು ಸೋತಿದ್ದವು.

"ಮ್ಯಾಟ್ ಹಸಿ ಇತ್ರಿ," ಎಂದಳು. "ಒಣಗೇತಿ ಅಂತ ಸುಳ್ಳ ಹೇಳ್ದೆ."

"ಗೊತ್ತೈತಿ. ಬಂದ ಕೂಡಲೇ ಮಾಳಗಿ ಮ್ಯಾಲ ಹಾಕೀನಿ. ನೂಲಿನ ಮನಿಯಾವ ನಾ, ಹಸಿ ಯಾವುದು ಒಣಾ ಯಾವುದು ತಿಳೀತೈತಿ. ಮೊದಲಿಂದನೂ ತಿಳೀತಿತ್ತು."

"ಮತ್ತ ಒಂದಿನಾನೂ ಯಾಕ ಹೇಳಲಿಲ್ಲ?"

"ಹೇಳಿದ್ರ ನಾಕೂ ಕೊಟ್ಟಬಿಡತಿದ್ದಿ."

ನೀವು ಹೋಗಿ ನೀನು ಆದದ್ದನ್ನು ಅವನು ಗಮನಿಸಲಿಲ್ಲ, ಅವಳು ಗಮನಿಸಿದಳು. ಕಣ್ಣಲ್ಲಿ ನೀರು ಬಂತು. ಡ್ರೈವರ್ ಮ್ಯಾಟಿನ ಹಳದಿ ಪಾದ, ಮುತ್ತು, ತಾನು ಓದಿದ ಜಾತಕ, ಎಲ್ಲ ಹೇಳಿದಳು. ಅವನು ತನ್ನ ಕಾಲುಗುರು ನೋಡಿಕೊಂಡ, ಅವಳನ್ನು ನೋಡಿದ, ನಗಬೇಕೋ ಅಳಬೇಕೋ ತಿಳಿಯದೆ ನಿಂತ. ರಾಯಬಾಗದ ಮಾತನ್ನೂ ಅವಳು ಮುಚ್ಚಿಡಲಿಲ್ಲ. ನಾಳೆ ಮುಂಜಾನೆ ಅಪ್ಪ ಹೂಂ ಎನ್ನಲಿದ್ದಾನೆ ಎಂದಳು.

ವಿಕ್ರಾಂತ ಮೆಲ್ಲಗೆ ಮಾತಾಡಬೇಕೆಂದೇ ಮಗ್ಗ ನಿಲ್ಲಿಸಿದ್ದ. ಗಂಟಲು ಸರಿ ಮಾಡಿಕೊಂಡ, ಹತ್ತಿರ ಬಂದ, ತಯಾರಿ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಗಂಟಲು ರೂಢಿ ಬಿಡಲಿಲ್ಲ.

"ಬ್ಯಾಡಂತ ಹೇಳು, ಉಜ್ವಲಾ. ನನಗ ನೀ ಬೇಕು."

ಓಣಿಗೆಲ್ಲ ಕೇಳಿತು. ಪಕ್ಕದ ಮನೆಯ ಮಗ್ಗವೂ ನಿಂತಿತು. ಹಂದರದ ಕಡೆಯಿಂದ ರುಕ್ಮವ್ವನ ದನಿ ಬಂತು.

"ನಮಗೆಲ್ಲಾ ಕೇಳಸ್ತು. ಆಕಿ ಏನಂತಾಳ ಕೇಳು."

ಉಜ್ವಲಾ ಕೆಂಪು ಕೆಂಪಾಗಿ ಹೋದಳು. ಸೆರಗಿನ ತುದಿ ತಿರುವುತ್ತ, ನೆಲ ನೋಡುತ್ತ, ತನಗೂ ಹಾಗೇ ಎಂದು ಪಿಸುಗುಟ್ಟಿದಳು.

"ಆಂ?" ಎಂದ ವಿಕ್ರಾಂತ. ಅವನ ಕಿವಿಯೂ ಮಗ್ಗದ ಕಿವಿಯೇ ಅಲ್ಲವೇ.

ಬಂದ ಮೊದಲ ದಿನ ಕಿವಿ ಕೇಳಿಸುತ್ತವೆ ಎಂದು ಅವನನ್ನು ಗದರಿಸಿದ ಹುಡುಗಿ ಈಗ ಉಸಿರು ಎಳೆದುಕೊಂಡು ತಲೆ ಎತ್ತಿದಳು.

"ನನಗೂ ನೀವ ಬೇಕು ಅಂದ್ನಿ."

ಹಂದರದಲ್ಲಿ ಮದುಮಗಳ ಹಸಿರು ಬಳೆ ಚಪ್ಪಾಳೆಯ ಜೊತೆ ಸದ್ದು ಮಾಡಿದವು. ವಿಕ್ರಾಂತ ಅವಳ ಕೈ ಹಿಡಿದ. ಸಾಬೂನು, ಸೋಡಾ ತಿಂದು ಒರಟಾದ ಕೈ. ಅವನದೂ ನೂಲು ಎಳೆದು ಒರಟಾದದ್ದೇ. ಇಬ್ಬರೂ ಬಿಡಲಿಲ್ಲ.

ಹೊರಡುವಾಗ ಅವಳು ಮಾಳಿಗೆ ಹತ್ತಿ ಮ್ಯಾಟು ಇಳಿಸಿಕೊಂಡಳು. ಒಣಗಿತ್ತು, ಆದರೆ ಕೆಂಪು ಪಾದಗಳು ಹಾಗೇ ಇದ್ದವು. ಇದನ್ನು ಲಿಂಬಿಹಣ್ಣು ಹಚ್ಚಿ ಬಿಸಿಲಿಗೆ ಹಾಕಬೇಕು, ಒಯ್ಯುತ್ತೇನೆ ಎಂದು ಸ್ಕೂಟಿಗೆ ಕಟ್ಟಿದಳು.

"ನಾಳಿ ಬಂದ ತಗೊಂಡ ಹೋಗ್ರಿ," ಎಂದಳು ವಿಕ್ರಾಂತನಿಗೆ. "ಅಜ್ಜೀನ ಕರ್ಕೊಂಡ ಬರ್ರಿ."

ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು ಎಲ್ಲ ಹೇಳಿದಳು. ಈಶ್ವರ ಪೈಪು ಬಂದ್ ಮಾಡಿ ಪೂರ್ತಿ ಕೇಳಿದ. ಬೋರಗಾಂವದ ಬಿಳಿ ಅಂಬಾಸಡರೇ ಎಂದು ಒಂದೇ ಪ್ರಶ್ನೆ ಕೇಳಿದ. ಹೌದು ಎಂದಳು. ನಾಳೆಯವರೆಗೂ ಕಾಯಿಸುವುದು ಚೆಂದವಲ್ಲ ಎಂದು ಆಗಲೇ ರಾಯಬಾಗಕ್ಕೆ ಫೋನು ಹಚ್ಚಿ, ತಪ್ಪು ತಿಳಿಯಬೇಡಿ ಎಂದು ಕೇಳಿಕೊಂಡು, ಆಗುವುದಿಲ್ಲ ಎಂದು ಹೇಳಿದ. ಆಮೇಲೆ ಲಾರಿ ತೊಳೆಯಲು ಹೋದ. ಉಜ್ವಲಾ ಲಿಂಬಿಹಣ್ಣು ಹಿಂಡಲು ಕೂತಳು.

ರವಿವಾರ ಮೋಡ ಸರಿದು ಬಿಸಿಲು ರಣರಣ ಬಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಬಾಸಡರ್ ಮನೆಯ ಮುಂದೆ ನಿಂತಿತು. ಮೂರು ಮ್ಯಾಟು ಜಾಗದಲ್ಲಿದ್ದವು, ಡ್ರೈವರನ ಕಾಲ ಕೆಳಗೆ ಬರೀ ತಗಡು. ವೈನಿ ಅವಲಕ್ಕಿ ಮಾಡಿದಳು. ಹಿರಿಯರು ಬಳಗದ ಲೆಕ್ಕ ತೆಗೆದರೆ ಎಲ್ಲೋ ಒಂದು ಹಳೆಯ ಸಂಬಂಧವೂ ಹೊರಬಿತ್ತು. ರುಕ್ಮವ್ವ ಸುತ್ತುಬಳಸಿ ಮಾತಾಡಲಿಲ್ಲ, ಹುಡುಗಿಯನ್ನು ಕೊಡುತ್ತೀರಾ ಎಂದು ಕೇಳಿದಳು. ಈಶ್ವರ ಮಗಳ ಮುಖ ನೋಡಿ ಹೂಂ ಎಂದ. ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ಎಲ್ಲರೂ ಏಳುವ ಹೊತ್ತಿಗೆ ಮುದುಕಿಗೆ ನೆನಪಾಯಿತು.

"ನಮ್ಮವರು ನೇಯ್ದ ಮ್ಯಾಟ್ ಎಲ್ಲೈತೆವಾ?"

ಮ್ಯಾಟು ಅಂಗಳದ ಗೋಡೆಯ ಮೇಲಿತ್ತು. ಕೆಂಪು ಹೋಗಿತ್ತು, ಹಳದಿ ಹೋಗಿತ್ತು, ನೀಲಿ ಬಿಳಿ ಚೌಕಳಿ ಬಿಸಿಲಿಗೆ ಹಪ್ಪಳದಂತೆ ಗರಿಗರಿಯಾಗಿತ್ತು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಉಜ್ವಲಾ ಹೋಗಿ ಅದಕ್ಕೆ ಅಂಗೈ ಒತ್ತಿದಳು. ನೆಟ್ಟಗೆ ವಿಕ್ರಾಂತನ ಮುಖ ನೋಡಿದಳು.

"ಇನ್ನೂ ಹಸಿ ಐತ್ರಿ," ಎಂದಳು.

ವಿಕ್ರಾಂತನ ತುಟಿಯ ಮೂಲೆ ಅಲುಗಿತು. ಅವನು ಬಾಯಿ ತೆರೆಯುವ ಮೊದಲೇ ರುಕ್ಮವ್ವ ಎದ್ದು ಬಂದು, ಮ್ಯಾಟನ್ನು ಒಮ್ಮೆ ಮುಟ್ಟಿ ನೋಡಿ, ಉಜ್ವಲಾಳ ತಲೆಯ ಮೇಲೆ ಕೈಯಿಟ್ಟಳು.

"ಇರ್ಲಿ ಬಿಡು," ಎಂದಳು. "ಬರಾಗ ನೀನ ತಗೊಂಡ ಬಾ."